ಹಂಪಿಯ ಕಂಬ ಕೆಡವಿದವರಿಗೆ ಸಿಕ್ಕ ಶಿಕ್ಷೆ

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈಗೆ ಈ ಕೇಸ್ ಕೊಟ್ಟಿದ್ರೆ, ಕಾದಂಬರಿ ಎರಡೇ ಪುಟಕ್ಕೆ ಮುಗೀತಿತ್ತು. ಯಾಕಂದ್ರೆ ಸಾಕ್ಷಿ ಒದಗಿಸಿದ್ದು ಆರೋಪಿಗಳೇ!

2019ರ ಫೆಬ್ರವರಿ. ಸೋಷಿಯಲ್ ಮೀಡಿಯಾದಲ್ಲಿ ಒಂದು ಪುಟ್ಟ ವಿಡಿಯೋ ಹರಿದಾಡ್ತು. ಜಾಗ, ಹಂಪಿಯ ಗಜಶಾಲೆ ಹಿಂದಿರೋ ವಿಷ್ಣು ದೇವಾಲಯ. ಹುಡುಗರು ಕಲ್ಲುಕಂಬಕ್ಕೆ ಕೈಕೊಟ್ಟು ತಳ್ತಾರೆ. ಕಂಬ ಅಲುಗಾಡುತ್ತೆ, ವಾಲುತ್ತೆ, ಧೊಪ್ಪಂತ ನೆಲಕ್ಕೆ!

ಅಷ್ಟು ದೊಡ್ಡ ಕಂಬ ಕೈಯಲ್ಲಿ ತಳ್ಳಿದ್ರೆ ಬೀಳುತ್ತಾ? ಬೀಳುತ್ತೆ. ವಿಜಯನಗರದ ಶಿಲ್ಪಿಗಳು ಕಂಬಗಳನ್ನ ಗಾರೆ ಹಾಕಿ ಅಂಟಿಸ್ತಿರಲಿಲ್ಲ. ಮೇಲಿನ ತೊಲೆ, ಚಪ್ಪಡಿಗಳ ಭಾರವೇ ಕಂಬವನ್ನ ಒತ್ತಿ ಹಿಡೀತಿತ್ತು. ಚಾವಣಿ ಹೋದ ಮೇಲೆ ಕಂಬ ಬರೀ ತನ್ನ ತೂಕದ ಮೇಲೆ ನಿಂತಿರುತ್ತೆ. 1565ರ ಲೂಟಿ ಕಂಡ ಊರಲ್ಲಿ, ಕೊನೆಗೆ ಕಂಬ ಉರುಳಿದ್ದು ಮೊಬೈಲ್ ಮುಂದೆ!

ಜನ ಸಿಡಿದೆದ್ರು. ಪೊಲೀಸರು ನಾಲ್ವರನ್ನ ಹಿಡಿದ್ರು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹಾಕೋಕೆ ಕಾನೂನಲ್ಲಿ ಅವಕಾಶ ಇದೆ.

ಆದ್ರೆ ಹೊಸಪೇಟೆ ಕೋರ್ಟ್ ಕೊಟ್ಟ ತೀರ್ಪು ಯಾವ ಸಿನಿಮಾ ಕ್ಲೈಮ್ಯಾಕ್ಸ್‌ಗೂ ಕಮ್ಮಿ ಇಲ್ಲ. ತಲಾ 70,000 ರೂಪಾಯಿ ದಂಡ. ಜೊತೆಗೆ, ಬೀಳಿಸಿದ ಕಂಬವನ್ನ ನೀವೇ ಎತ್ತಿ ನಿಲ್ಲಿಸಿ ಅಂತ ಆದೇಶ!

ಪುರಾತತ್ತ್ವ ಇಲಾಖೆಯವರು ನೋಡ್ತಾ ನಿಂತ್ರು. ಬೀಳಿಸೋಕೆ ಕೆಲವೇ ಸೆಕೆಂಡ್ ಸಾಕಾಗಿತ್ತು. ಎತ್ತೋವಾಗ ಮಾತ್ರ ಬೆವರು ಇಳೀತು. ಈ ಸಲ ಕ್ಯಾಮೆರಾ ಇದ್ದದ್ದು ಬೇರೆಯವರ ಕೈಯಲ್ಲಿ.