ಒಂದು ಕ್ವಾರ್ಟರಿನ ಲೆಕ್ಕ

ಕ್ವಾರ್ಟರ್ ಅಂದರೆ 180 ಮಿಲಿ. ಯಾದಗಿರಿ, ಶಹಾಪುರ, ಸುರಪುರ, ಯಾವ ಊರಿನ ವೈನ್ ಶಾಪಿನಲ್ಲಾದರೂ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಟೆಟ್ರಾ ಪ್ಯಾಕು. ಮೂಲೆ ಹರಿದು ಪ್ಲಾಸ್ಟಿಕ್ ಗ್ಲಾಸಿಗೆ ಸುರಿದು, ಮೇಲೊಂದು ನೀರಿನ ಪಾಕೀಟು ಹಿಂಡಿ, ಕಾಗದದ ಮೇಲೆ ಮಿರ್ಚಿ ಮಂಡಾಳು ಹರಡಿದರೆ ಬರ್ತ್‌ಡೇ ಪಾರ್ಟಿ ಶುರು. ಪ್ಯಾಕಿನ ಮೇಲೆ ಶೇ 42.8 ಎಂದು ಬರೆದಿರುತ್ತದೆ, ಓದುವವರಿಲ್ಲ. ಗುಣಿಸಿದರೆ 77 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 61 ಗ್ರಾಂ. ಒಂದೇ ಸಲಕ್ಕೆ ಅತಿಯಾಗಿ ಕುಡಿದದ್ದು ಎನ್ನಲು ವಿಶ್ವ ಆರೋಗ್ಯ ಸಂಸ್ಥೆ ಎಳೆದಿರುವ ಗೆರೆ 60 ಗ್ರಾಂ. ‘ಬರೇ ಒಂದ್ ಕ್ವಾರ್ಟರ್ ರೀ, ಜಾಸ್ತಿ ಏನಿಲ್ಲ’ ಎನ್ನುವವನು ಗೆರೆ ದಾಟಿ ನಿಂತೇ ಆ ಮಾತು ಹೇಳುತ್ತಿರುತ್ತಾನೆ. ಯಕೃತ್ತು ಗಂಟೆಗೆ ಕರಗಿಸುವುದು ಏಳೆಂಟು ಗ್ರಾಂ. ರಾತ್ರಿ 11ಕ್ಕೆ ಕುಡಿದು ಮಲಗಿದ ಹುಡುಗನೊಳಗೆ ಬೆಳಗಿನ 6ಕ್ಕೂ ಆ ಕೆಲಸ ನಡೆದೇ ಇರುತ್ತದೆ.

ಇಂಥ ಪ್ಯಾಕುಗಳು, ಬಾಟಲಿಗಳು ಒಟ್ಟುಗೂಡಿದರೆ ಏನಾಗುತ್ತದೆ? 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ ಸುಮಾರು 110 ಕೋಟಿ. ಸೆಕೆಂಡಿಗೆ 12,000 ರೂಪಾಯಿಗೂ ಮೇಲೆ. ಇದು ತೆರಿಗೆ ಮಾತ್ರ, ಕುಡಿದವರು ಕೊಟ್ಟ ಪೂರ್ತಿ ದುಡ್ಡಲ್ಲ. ಅದೇ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ತೆರಿಗೆಯ ಮೊತ್ತದಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ತಲಾ 100 ದಿನದ ಕೂಲಿ ಕೊಡಬಹುದು. 2011ರ ಜನಗಣತಿ ಪ್ರಕಾರ ಇಡೀ ರಾಜ್ಯದಲ್ಲಿದ್ದ ಮನೆಗಳೇ ಸುಮಾರು 1.3 ಕೋಟಿ! ಯಾದಗಿರಿಯಂಥ ಗುಳೆ ಹೋಗುವ ಜಿಲ್ಲೆಯಲ್ಲಿ ಕೂತು ಈ ಲೆಕ್ಕ ಹಾಕಿದರೆ ಪೆನ್ನು ಮುಂದೆ ಹೋಗುವುದಿಲ್ಲ. ಬೊಕ್ಕಸಕ್ಕೆ ಅಬಕಾರಿ ರುಚಿ ಹೊಸದೂ ಅಲ್ಲ. 1860ರಲ್ಲಿ ಸುರಪುರ ಹೈದರಾಬಾದಿನ ನಿಜಾಮನ ಕೈಗೆ ಹೋಯಿತು. ನಿಜಾಮನ ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. 2007ರಲ್ಲಿ ಪಾಕೀಟು ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಇನ್ನು ಕಾಲೇಜು. ಕರ್ನಾಟಕದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಅದನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಬಂತು, ವಿರೋಧ ಎದ್ದಕೂಡಲೇ ವಾಪಸಾಯಿತು. ಪಿಯು ಮುಗಿಸಿ 18ಕ್ಕೆ ಡಿಗ್ರಿ ಸೇರಿದವನು 21ಕ್ಕೆ ಹೊರಬೀಳುತ್ತಾನೆ. ಅಂದರೆ ಡಿಗ್ರಿಯ ಮೂರೂ ವರ್ಷ ಅವನಿಗೆ ಕೊಟ್ಟ ಪ್ರತಿ ಕ್ವಾರ್ಟರೂ ಕಾನೂನಿನ ಆಚೆಯದು. ಕೌಂಟರಿನಲ್ಲಿ ವಯಸ್ಸು ಕೇಳುವವರನ್ನು ನಾನಂತೂ ನೋಡಿಲ್ಲ.

ಹಾಗಾದರೆ ಯಾರು ಕುಡಿಯುತ್ತಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಪೇಟೆಗಿಂತ ಹಳ್ಳಿ ಮುಂದು: 15 ದಾಟಿದ ಗಂಡಸರಲ್ಲಿ ಪೇಟೆಯಲ್ಲಿ ಶೇ 16.5, ಹಳ್ಳಿಯಲ್ಲಿ ಶೇ 19.9. ಓದು ಹೆಚ್ಚಿದಂತೆ ಕುಡಿತ ಇಳಿಯುತ್ತದೆ. ಯಾದಗಿರಿ ಜಿಲ್ಲೆಯ ವಿದ್ಯಾರ್ಥಿ ಈ ಎರಡರ ನಡುವೆ ಸಿಕ್ಕವನು. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡೆಯದು. ಹೆಂಗಸರಲ್ಲಿ ಶೇ 41ರ ಆಸುಪಾಸು. ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಇಲ್ಲಿ ಬಹಳ. ಹಳ್ಳಿ ಹಿಂದೆ ಜಗ್ಗುತ್ತದೆ, ಓದು ಮುಂದೆ ಜಗ್ಗುತ್ತದೆ. ನಡುವೆ ಅವ್ವ ಅಪ್ಪನ ಕಣ್ಣಿಲ್ಲದ ಬಾಡಿಗೆ ರೂಮು, ಖಾತೆಗೆ ಬಿದ್ದ ಸ್ಕಾಲರ್‌ಶಿಪ್ಪು, ‘ಎಲ್ಲಾರೂ ಕುಡಿತಾರಲೇ, ನೀ ಒಬ್ಬನ್ಯಾಕ ಮಡಿ?’ ಎನ್ನುವ ಗೆಳೆಯ.

ನನ್ನನ್ನು ಬೆಚ್ಚಿಸಿದ್ದು 40,000 ಕೋಟಿಯಲ್ಲ, ಈ ‘ಎಲ್ಲಾರೂ’. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರ ಪೈಕಿ ಕುಡಿಯುವವರು ಶೇ 16.5, ಹೆಂಗಸರಲ್ಲಿ ಶೇ 0.9. ನೂರು ಗಂಡಸರಲ್ಲಿ 83 ಮಂದಿ ಮುಟ್ಟುವುದಿಲ್ಲ! ಮುಟ್ಟದವರು ಸದ್ದಿಲ್ಲದೆ ಮಲಗಿರುತ್ತಾರೆ; ನಡುರಾತ್ರಿ ಹಾಡಿ ಕುಣಿದು ವಾಂತಿ ಮಾಡುವವರು ಮೂವರಾದರೂ ಇಡೀ ಹಾಸ್ಟೆಲಿಗೆ ಕೇಳಿಸುತ್ತಾರೆ. 1986ರಲ್ಲಿ ಅಮೆರಿಕದ ಪರ್ಕಿನ್ಸ್ ಮತ್ತು ಬರ್ಕೋವಿಟ್ಜ್ ಇದನ್ನೇ ಒಂದು ಕಾಲೇಜಿನಲ್ಲಿ ಅಳೆದು ತೋರಿಸಿದರು: ಕುಡಿತಕ್ಕೆ ಗೆಳೆಯರ ಒಪ್ಪಿಗೆ ಎಷ್ಟಿದೆ ಎಂದು ವಿದ್ಯಾರ್ಥಿಗಳು ಊಹಿಸಿದ್ದು ನಿಜಕ್ಕಿಂತ ಬಹಳ ಹೆಚ್ಚು. ಆ ಊಹೆಗೆ ಸರಿಗಟ್ಟಲು ಗ್ಲಾಸು ಎತ್ತುತ್ತಾರೆ. ಮುಂದೆ ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ನಿಜವಾದ ಅಂಕಿಯನ್ನೇ ಪೋಸ್ಟರ್ ಮಾಡಿ ಗೋಡೆಗೆ ಹಚ್ಚಿದವು. ಕೆಲವು ಕಡೆ ಕುಡಿತ ಇಳಿಯಿತು, ಕೆಲವು ಕಡೆ ಇಲ್ಲ. ಅಲ್ಲಿನ ಕ್ಯಾಂಪಸ್ಸಿನಲ್ಲಿ ಕುಡಿಯುವವರೇ ಹೆಚ್ಚು. ಪೋಸ್ಟರು ಹೇಳಬಹುದಾದದ್ದು ‘ನೀವಂದುಕೊಂಡಷ್ಟು ಕುಡಿಯುವುದಿಲ್ಲ’ ಎಂದಷ್ಟೇ. ನಮ್ಮಲ್ಲಿ ಅಂಥ ಪೋಸ್ಟರಿಗೆ 83 ಎಂಬ ಸಂಖ್ಯೆಯೇ ಸಾಕು, ಆದರೆ ಹಾಸ್ಟೆಲ್ ಗೋಡೆಗಳ ಮೇಲೆ ಇವತ್ತಿಗೂ ಇರುವುದು ‘ಕುಡಿತ ಆರೋಗ್ಯಕ್ಕೆ ಹಾನಿಕರ’.