ಮನೆ ಕಾಯೋಕೆ ಯಾರಿದ್ದಾರೆ?

ಹೆಗ್ಗರಣೆ ಸೀಮೆಯಲ್ಲಿ ಯಾರಾದರೂ ನಾಲ್ಕು ದಿನ ಊರು ಬಿಡುತ್ತೇನೆ ಎಂದರೆ, ಎಲ್ಲಿಗೆ ಎಂದು ಕೇಳುವ ಮೊದಲು ಎದುರಿನವರು ಕೇಳುವುದು ಮನೆಯಲ್ಲಿ ಯಾರಿರುತ್ತಾರೆ ಎಂದು. ಸಿದ್ದಾಪುರ ತಾಲ್ಲೂಕಿನ ಈ ಭಾಗದಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದು ಕಣಿವೆಗೆ ಎರಡೋ ಮೂರೋ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ, ಕೊಟ್ಟಿಗೆ, ಅಂಗಳ. ಬೀಗ ಹಾಕಲು ಬರುವುದು ಮನೆಯೊಂದಕ್ಕೆ ಮಾತ್ರ. ಕೊಟ್ಟಿಗೆಯ ದನಕ್ಕೆ, ತೋಟಕ್ಕೆ ಇಳಿಯುವ ಮಂಗಕ್ಕೆ, ಅಂಗಳದಲ್ಲಿ ಹರವಿದ ಅಡಿಕೆಗೆ ಬೀಗವಿಲ್ಲ.

ಪ್ರವಾಸದ ಬಗ್ಗೆ ಬರೆಯುವವರೆಲ್ಲ ಒಂದು ಹಳೇ ಜಗಳ ಹೂಡುತ್ತಾರೆ: ಮನೆಯ ಸುಖ ಹೆಚ್ಚೋ, ತಿರುಗಾಟದ ಸುಖ ಹೆಚ್ಚೋ? ತಮ್ಮ ಹಾಸಿಗೆ, ತಮ್ಮ ಊಟ ಒಂದು ಕಡೆ. ಹೊಸ ಊರು, ಹೊಸ ಮುಖ ಇನ್ನೊಂದು ಕಡೆ. ಮನೆ ಎಂದರೆ ವಿಶ್ರಾಂತಿ ಎಂದು ಒಪ್ಪಿಕೊಂಡವರಿಗೆ ಈ ಜಗಳ ಸರಿ. ತೋಟದ ಮನೆಯಲ್ಲಿ ಇದು ನಿಲ್ಲುವುದಿಲ್ಲ. ಇಲ್ಲಿ ಮನೆ ಎಂದರೆ ಕೆಲಸ, ಅದೂ ತಿಥಿ ನಕ್ಷತ್ರ ನೋಡಿಕೊಂಡು ಬರುವ ಕೆಲಸ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸಬೇಕು, ಇಲ್ಲವೇ ಕೊನೆಗಳಿಗೆ ಕೊಟ್ಟೆ ಕಟ್ಟಿಸಬೇಕು. ಒಂದೂವರೆ ತಿಂಗಳಲ್ಲಿ ಮತ್ತೊಮ್ಮೆ ಮದ್ದು. ದೀಪಾವಳಿ ಕಳೆದರೆ ಕೊನೆ ಕೊಯ್ಲು. ಕೊನೆಗೌಡ ಬರುತ್ತೇನೆಂದ ದಿನ ಯಜಮಾನ ತೋಟದಲ್ಲಿಲ್ಲದಿದ್ದರೆ ಅವನು ಮುಂದಿನ ಮನೆಗೆ ಹೋಗುತ್ತಾನೆ, ಮತ್ತೆ ಸಿಗುವುದು ಅವನಿಗೆ ಬಿಡುವಾದಾಗ. ಆಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಡಿಕೆ ಶಿರಸಿ ಪೇಟೆಗೆ ಹೋಗಿ, 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿಯಲ್ಲೋ ಬೇರೆ ವಖಾರಿಯಲ್ಲೋ ವ್ಯಾಪಾರವಾಗಿ, ಕೈಯಲ್ಲಿ ಒಂದಿಷ್ಟು ದುಡ್ಡು ಆಡುವ ಹೊತ್ತಿಗೆ ಮದುವೆ ಮುಂಜಿಗಳು ಶುರು. ಅದರ ನಡುವೆ ಸಿಕ್ಕ ಸಂದಿಯೇ ತಿರುಗಾಟದ ಕಾಲ.

ಅದೇ ಊರಿಗೆ ಹೊರಗಿನವರು ಬರುವುದು ಮಾತ್ರ ವಿಶ್ರಾಂತಿಗೆ. ಹೆಗ್ಗರಣೆಯ ಸಮೀಪದಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಉಂಚಳ್ಳಿ ಜಲಪಾತ. 1845ರಲ್ಲಿ ಇದನ್ನು ಹೊರಗಿನವರಿಗೆ ತಿಳಿಸಿದ ಕಲೆಕ್ಟರ್ ಜೆ.ಡಿ. ಲುಷಿಂಗ್ಟನ್ ಅವರ ಹೆಸರು ನಕಾಶೆ ಸೇರಿತು. ಊರವರಿಗೆ ಇದು ಕಿವಿ ಕೆಪ್ಪಾಗಿಸುವ ಕೆಪ್ಪ ಜೋಗ. ಶಿರಸಿಯಿಂದ ಕಾರು ಮಾಡಿಕೊಂಡು ಬಂದವರು ಮೆಟ್ಟಿಲಿಳಿದು, ಉಂಬಳ ಕಚ್ಚಿಸಿಕೊಂಡು, ನೀರು ನೋಡಿ, ರಾತ್ರಿಗೆ ಯಾವುದಾದರೂ ತೋಟದ ಮನೆಯಲ್ಲಿ ಉಳಿಯುತ್ತಾರೆ. ಮಾರನೇ ದಿನ ಹೊರಡುವಾಗ ಅವರು ಹೊಗಳುವುದು ಜಲಪಾತಕ್ಕಿಂತ ಹೆಚ್ಚು ಬಚ್ಚಲನ್ನು. ಹಂಡೆ ನೀರಿನ ಸ್ನಾನ, ಆಹಾ! ಇಂಥಾ ಸುಖ ನಮಗೆಲ್ಲಿ!

ಆ ಸುಖ ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ನಿಂತು ನೋಡಬೇಕು. ಆಷಾಢದ ಬೆಳಗಿನ ಜಾವ, ಇನ್ನೂ ಕತ್ತಲು. ಮನೆಯಾಕೆ ಮೊದಲು ಒಲೆಯ ಬಾಯಿಂದ ನಿನ್ನೆಯ ಬೂದಿ ಎಳೆಯುತ್ತಾಳೆ. ಮೂಲೆಯಲ್ಲಿ ಪೇರಿಸಿದ ಕಟ್ಟಿಗೆ ಮುಟ್ಟಿದರೆ ತಣ್ಣಗೆ, ಗಾಳಿಯ ಥಂಡಿ ಕುಡಿದಿರುತ್ತದೆ. ಅಡಿಕೆ ಸಿಪ್ಪೆ ಒಂದು ಬೊಗಸೆ, ಅದರ ಮೇಲೆ ಒಣ ಸೋಗೆಯ ಚೂರು, ಒಂದೆರಡು ಗರಟೆ. ಕಡ್ಡಿ ಗೀರಿದರೆ ಸಿಪ್ಪೆ ಹತ್ತಿಕೊಂಡು ಹೊಗೆಯೆಬ್ಬಿಸಿ ಆರುತ್ತದೆ. ಊದುಗೊಳವೆ ಹಿಡಿದು ಬಗ್ಗಿ ಊದಬೇಕು. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಮ್ಮು. ಗರಟೆಗೆ ಉರಿ ಹಿಡಿಯಿತು ಎಂದಾದ ಮೇಲೆ ಎರಡು ಕುಂಟೆ ಒಳಗೆ ತಳ್ಳಿ ಕೊಟ್ಟಿಗೆಗೆ ಹೋಗುವುದು. ಸಗಣಿ ಬಾಚಿ, ಹಾಲು ಕರೆದು, ನಡುವೆ ಒಮ್ಮೆ ಓಡಿ ಬಂದು ಕುಂಟೆ ಮುಂದೆ ದೂಡುವುದು. ಅತಿಥಿ ಎಂಟು ಗಂಟೆಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬರುವಾಗ ನೀರು ಹಬೆಯಾಡುತ್ತಿರುತ್ತದೆ. ಆತ ಒಲೆಯ ಫೋಟೊ ತೆಗೆಯುತ್ತಾನೆ.

ಇದೇ ಮನೆಯಾಕೆ ಬೆಂಗಳೂರಿಗೆ ಮಗನ ಫ್ಲ್ಯಾಟಿಗೆ ಹೋಗಿ ಬಂದಳೆನ್ನಿ. ಹೊಗಳುವುದು ಏನನ್ನು? ಗೀಸರನ್ನು. ನಲ್ಲಿ ತಿರುಗಿಸಿದರೆ ಬಿಸಿನೀರು! ಲಾಲ್‌ಬಾಗ್ ಸುದ್ದಿ ಆಮೇಲೆ. ಗಂಡನದು ಬೇರೆಯೇ ಪುರಾಣ. ಅಲ್ಲಿ ಜಗಲಿಯಿಲ್ಲ, ಕವಳ ಹಾಕಿದರೆ ಉಗುಳಲು ಜಾಗವಿಲ್ಲ, ಲಿಫ್ಟಿನಲ್ಲಿ ಸಿಕ್ಕಿದವರು ಯಾವ ಊರು ಎಂದು ಕೇಳುವುದಿಲ್ಲ. ಎರಡು ದಿನ ಕಳೆಯುವುದರೊಳಗೆ ಊರಿಗೆ ಫೋನು: ಮಳೆ ಬಂತಾ, ಚಾಲಿಗೆ ಎಷ್ಟಾಯ್ತು, ಮಂಗ ಬಂದಿತ್ತಾ. ನಾಲ್ಕನೇ ದಿನ ಚೀಲ ಕಟ್ಟಲು ಶುರು. ‘ನಮ್ಮ ಮನೆಯ ಸುಖ ಎಲ್ಲೂ ಇಲ್ಲಪ್ಪಾ’ ಎಂಬ ಮಾತನ್ನು ನಾನು ಹೆಚ್ಚಾಗಿ ಕೇಳಿದ್ದು ಗಂಡಸರ ಬಾಯಲ್ಲಿ. ಹೆಂಗಸರು ಅದನ್ನು ಅಷ್ಟು ಸಲೀಸಾಗಿ ಹೇಳುವುದಿಲ್ಲ. ಪ್ರವಾಸದಲ್ಲಿ ನಾವು ಹಂಬಲಿಸುವ ಮನೆಯ ಸುಖವೆಂದರೆ ನಮಗಿಂತ ಮೊದಲು ಎದ್ದ ಒಬ್ಬರ ದುಡಿಮೆ; ದುಡಿಯುವವರೇ ಪ್ರವಾಸ ಹೊರಟಾಗ ಹಂಬಲಿಸಲು ಉಳಿಯುವುದೇನು?

ಮಕ್ಕಳ ಮನೆಗೆ ಹೋಗುವುದೇ ನಮ್ಮ ಹಿರಿಯರ ದೊಡ್ಡ ಪ್ರವಾಸ ಎಂಬುದು ಹೊಸ ವಿಷಯವೇನಲ್ಲ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಕೂಡ ಹಾಗೆ ಹೋದ ಹಿರಿಯರೊಬ್ಬರ ಪುಸ್ತಕವೇ. ಈಗ ಈ ಕಣಿವೆಗಳಿಂದಲೂ ಅಲ್ಲಿಗೆ ಹೋಗಿಬರುವವರಿದ್ದಾರೆ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಹಪ್ಪಳ ತುಂಬಿಕೊಂಡು. ಹೋದಲ್ಲೂ ಅಡುಗೆಮನೆ ಹೆಂಗಸಿನ ಪಾಲಿಗೇ. ಮೊಮ್ಮಗುವಿಗೆ ಎಣ್ಣೆನೀರು, ಸೊಸೆಗೆ ಬಾಣಂತನ. ಅದನ್ನು ಪ್ರವಾಸ ಎನ್ನಬೇಕೋ ವರ್ಗಾವಣೆ ಎನ್ನಬೇಕೋ!

ನಿಜವಾದ ಬಿಡುಗಡೆ ಸಿಗುತ್ತಿದ್ದುದು ಯಾತ್ರೆಯಲ್ಲಿ. ಕೂಡುಕುಟುಂಬದ ಕಾಲದಲ್ಲಿ ಮನೆಯ ಒಂದು ಜೋಡಿ ಕಾಶಿಗೆ ಹೋದರೆ ಉಳಿದವರು ದನ, ತೋಟ, ದೇವರ ಪೂಜೆ ಹಂಚಿಕೊಳ್ಳುತ್ತಿದ್ದರು. ಈಗ ಮನೆಯಲ್ಲಿರುವುದೇ ಒಂದು ಜೋಡಿ. ಯಾತ್ರೆಗೆ ಅನುಕೂಲ ಹೆಚ್ಚಾಗಿದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟ ಕಾಶಿ ದರ್ಶನ ರೈಲಿಗೆ ಮುಜರಾಯಿ ಇಲಾಖೆ ತಲಾ 5,000 ರೂಪಾಯಿ ಸಹಾಯಧನ ಕೊಟ್ಟಿತು. ಹಾಲು ಕರೆಯುವವರನ್ನು ಯಾವ ಇಲಾಖೆಯೂ ಕೊಡುವುದಿಲ್ಲ. ಕಾಶಿಗೆ ಹೋಗಿ ಬಂದ ನಮ್ಮ ದೊಡ್ಡಮ್ಮನನ್ನು ಯಾತ್ರೆ ಹೇಗಾಯಿತು ಎಂದು ಕೇಳಿದ್ದೆ. ‘ಕಾಶಿ ಕತೆ ಆಮೇಲೆ ಹೇಳ್ತಿ ತಮಾ. ಬೆಳಗಾಮುಂಚೆ ಯಾರೋ ಚಾ ಮಾಡಿ ಕೈಗೆ ಕೊಟ್ಟ. ಕೂತಲ್ಲೇ ಕುಡದಿ’ ಎಂದಳು. ಊರಿಗೆ ಬಂದ ಮೇಲೆ ಗಂಗಾ ಸಮಾರಾಧನೆ. ನೆಂಟರಿಷ್ಟರು, ಊರ ಮನೆಯವರು, ಪಾಯಸ, ಹೋಳಿಗೆ. ಹತ್ತು ದಿನ ಉಳಿಸಿಕೊಂಡ ವಿಶ್ರಾಂತಿಯನ್ನು ಒಂದೇ ದಿನದಲ್ಲಿ ಒಲೆಯ ಮುಂದೆ ಬಡ್ಡಿ ಸಮೇತ ತೀರಿಸಿದ್ದಾಯಿತು.

ತಿರುಗಾಟವನ್ನೇ ಬದುಕು ಮಾಡಿಕೊಂಡವರೂ ಈ ಸೀಮೆಯಲ್ಲಿದ್ದಾರೆ. ಯಕ್ಷಗಾನ ಮೇಳದವರು ದೀಪಾವಳಿಯ ಆಚೀಚೆ ಮನೆ ಬಿಟ್ಟರೆ ಮಳೆ ಬರುವವರೆಗೆ ರಾತ್ರಿ ಕುಣಿತ, ಹಗಲು ಯಾರದೋ ಜಗಲಿಯಲ್ಲೋ ಶಾಲೆಯಲ್ಲೋ ನಿದ್ದೆ. 2012ರಲ್ಲಿ ಪದ್ಮಶ್ರೀ ಬಂದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬೆಳೆದಿದ್ದು ಇಂಥ ತಿರುಗಾಟದಲ್ಲೇ. ಶಿರಸಿ ಕಡೆಯ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ತೀರಿಕೊಳ್ಳುವವರೆಗೂ ಊರೂರು ಸುತ್ತಿ ಹೆಜ್ಜೆ ಕಲಿಸಿದವರು. ಶಿವಮೊಗ್ಗದ ಅಂಧ ವಿದ್ಯಾರ್ಥಿಗಳಿಗೂ ಕಲಿಸಿದರು. ಹೀಗೆ ತಿರುಗಿದವರ ಬಗ್ಗೆ ಎಷ್ಟೋ ಲೇಖನ ಬಂದಿವೆ, ಸನ್ಮಾನಗಳಾಗಿವೆ. ಮೇಳದವರ ಮನೆಗಳಲ್ಲಿ ಆ ಆರು ತಿಂಗಳು ತೋಟ ನೋಡಿಕೊಂಡವರ ಹೆಸರು ಯಾವ ಸನ್ಮಾನ ಪತ್ರದಲ್ಲೂ ನನಗೆ ಕಂಡಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಆಧಾರ್ ಕಾರ್ಡ್ ತೋರಿಸಿದರೆ ವಾಯವ್ಯ ಸಾರಿಗೆಯ ಕಂಡಕ್ಟರ್ ಶೂನ್ಯ ದರದ ಟಿಕೆಟು ಹರಿದು ಕೊಡುತ್ತಾನೆ. ಪುಕ್ಕಟೆ ಬಸ್ಸು ಸಿಕ್ಕಿತೆಂದು ಹೆಂಗಸರು ಊರು ಸುತ್ತುತ್ತಾರೆ ಎಂಬ ಮೂದಲಿಕೆ ಜಗಲಿಯ ಮೇಲೆ ಕೇಳುತ್ತಲೇ ಇರುತ್ತದೆ. ಸುತ್ತಲಿ ಎನ್ನುತ್ತೇನೆ ನಾನು. ಆದರೆ ಸುತ್ತುವುದೆಷ್ಟು ದೂರ? ಬೆಳಗ್ಗೆ ಹಾಲು ಕರೆದಿಟ್ಟು ಬಸ್ಸು ಹತ್ತಿದರೆ ಸಂಜೆ ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು. ಟಿಕೆಟಿನ ದುಡ್ಡು ಉಳಿಯಿತು, ದನಕ್ಕೆ ಶಕ್ತಿ ಯೋಜನೆ ಗೊತ್ತಿಲ್ಲ. ಹಾಗಾಗಿ ಶಿರಸಿ ಮಾರಿಕಾಂಬೆ, ಇಡಗುಂಜಿ, ಗೋಕರ್ಣ ಒಂದು ದಿನದ ಲೆಕ್ಕಕ್ಕೆ ಹೊಂದುತ್ತವೆ. ಸಿಗಂದೂರಿಗೆ ಮೊದಲು ಶರಾವತಿ ಹಿನ್ನೀರಿನ ಲಾಂಚಿಗೆ ಕಾಯುತ್ತ ಅರ್ಧ ದಿನ ಹೋಗುತ್ತಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಅದೂ ಆ ಪಟ್ಟಿಗೆ ಸೇರಿದೆ. ಧರ್ಮಸ್ಥಳ ಸೇರಿಲ್ಲ. ಅಲ್ಲಿಗೆ ಹೋದರೆ ಒಂದು ರಾತ್ರಿ ಉಳಿಯಬೇಕು. ಪಕ್ಕದ ಮನೆಯ ಅತ್ತಿಗೆ ಎರಡು ಹೊತ್ತು ಕರೆದುಕೊಡುತ್ತೇನೆಂದು ಒಪ್ಪಬೇಕು, ಮುಂದಿನ ತಿಂಗಳು ಅವಳು ಹೊರಟಾಗ ಇವಳು ಆ ಕೊಟ್ಟಿಗೆಗೆ ಹೋಗಬೇಕು. ಇಬ್ಬರೂ ಒಟ್ಟಿಗೆ ಹೋಗುವ ಉಪಾಯ ಮಾತ್ರ ಇನ್ನೂ ಹೊಳೆದಿಲ್ಲ.