ಬಡ್ತಿ: ಏರುವುದೋ, ಹೊರುವುದೋ?

ಇಂಜಿನಿಯರಿಂಗ್ ಓದಿದ ಮಕ್ಕಳಿರುವ ಮನೆ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಇಂದು ಅಪರೂಪವೇನಲ್ಲ. ಮದುವೆಯ ಸಭಾಭವನದಲ್ಲಾಗಲಿ, ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಾಗಲಿ ಹೆತ್ತವರು ಕಲೆತಾಗ ಕೇಳಿಬರುವ ಪ್ರಶ್ನೆ ಒಂದೇ: "ನಿಮ್ಮ ಮಗ ಈಗ ಯಾವ ಹುದ್ದೆಯಲ್ಲಿದ್ದಾನೆ?" ಅವನು ಮಾಡುತ್ತಿರುವ ಕೆಲಸವೇನೆಂದು ಕೇಳುವವರು ವಿರಳ. ಹುದ್ದೆಯ ಹೆಸರು ಉದ್ದವಾದಷ್ಟೂ ಹೆತ್ತವರ ಎದೆ ಅಗಲವಾಗುತ್ತದೆ. ಇದನ್ನು ನಾವು ಪರಿಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಸಾಲ ಮಾಡಿ, ತೋಟದ ಆದಾಯವನ್ನೆಲ್ಲ ಕಾಲೇಜಿಗೆ ಕಟ್ಟಿ ಓದಿಸಿದವರಿಗೆ ಮಕ್ಕಳ ಏಳಿಗೆಯನ್ನು ಕಂಡು ಸಂತೋಷಪಡುವ ಹಕ್ಕು ಇದ್ದೇ ಇದೆ. ಆದರೆ ಏಳಿಗೆ ಎಂದರೇನು ಎಂಬ ಪ್ರಶ್ನೆಯನ್ನು ಎದುರಿಸಬೇಕಾದ ಸಂದರ್ಭವೊಂದು ನಮಗೂ ಒದಗಿತು. ಅಂದು ನಾವು ಕೊಟ್ಟ ಉತ್ತರ ಸರಿಯಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬ್ಯಾಂಕಿನಿಂದ ನಿವೃತ್ತರಾದ ಸದ್ಗೃಹಸ್ಥರೊಬ್ಬರು ತಮ್ಮ ಮಗನನ್ನು ನಮ್ಮ ಬಳಿಗೆ ಕರೆತಂದರು. ಬೆಂಗಳೂರಿನ ಕಂಪೆನಿಯೊಂದರಲ್ಲಿ ಅವನು ಹನ್ನೆರಡು ವರ್ಷ ದುಡಿದಿದ್ದ. ಮ್ಯಾನೇಜರ್ ಹುದ್ದೆ ಅವನನ್ನು ಅರಸಿಕೊಂಡು ಬಂದಿತ್ತು. ಅವನು ಒಪ್ಪಲು ಹಿಂಜರಿಯುತ್ತಿದ್ದ. "ಫಾದರ್, ಇವನಿಗೆ ನೀವಾದರೂ ಬುದ್ಧಿ ಹೇಳಿ" ಎಂದರು ತಂದೆ. ನಾವು ಹೆಚ್ಚು ಯೋಚಿಸಲಿಲ್ಲ. ತಾನಾಗಿ ಬಂದ ಬಡ್ತಿಯನ್ನು ತಳ್ಳಿಹಾಕುವುದು ವಿವೇಕವಲ್ಲವೆಂದು ಹತ್ತು ನಿಮಿಷಗಳಲ್ಲಿ ತೀರ್ಪಿತ್ತೆವು. ಹುಡುಗ ತಲೆಯಾಡಿಸಿ ಹೋದ. ಅವನ ಹಿಂಜರಿಕೆಗೆ ಕಾರಣವೇನೆಂದು ನಾವು ಕೇಳಲೇ ಇಲ್ಲ.

ಎರಡು ವರ್ಷಗಳ ಬಳಿಕ ಮೊಂತಿ ಹಬ್ಬಕ್ಕೆ ಊರಿಗೆ ಬಂದಿದ್ದ ಆ ಯುವಕ ಸಂಜೆ ಒಬ್ಬನೇ ಬಂದು ಕುಳಿತ. "ಫಾದರ್, ನನ್ನ ಕೈಯಿಂದ ಒಂದು ಕೆಲಸವೂ ಆಗುತ್ತಿಲ್ಲ. ದಿನವಿಡೀ ಹದಿನಾಲ್ಕು ಮಂದಿಯ ಲೆಕ್ಕ ಬರೆಯುತ್ತೇನೆ. ಕಳೆದ ತಿಂಗಳು ಹೊಸ ಹುಡುಗಿಯೊಬ್ಬಳ ತಪ್ಪಿನಿಂದ ಗ್ರಾಹಕರ ಕೆಲಸ ಅರ್ಧ ದಿನ ನಿಂತುಹೋಯಿತು. ತಪ್ಪು ನನ್ನದಲ್ಲ. ಆದರೂ ಉತ್ತರ ಹೇಳಬೇಕಾದವನು ನಾನು" ಎಂದ. ಅವನು ಅದನ್ನು ದೂರಾಗಿ ಹೇಳಿಕೊಂಡ. ನಾವಾದರೋ ನಮ್ಮ ಅಂದಿನ ಅವಸರದ ತೀರ್ಪನ್ನು ನೆನೆದು ಮೌನವಾದೆವು. ಅಂದಿನಿಂದ, ತಂತ್ರಜ್ಞಾನ ಕ್ಷೇತ್ರದಲ್ಲಿ ಬಹಳ ಮೇಲಕ್ಕೇರಿದವರು ಯಾವ ದಾರಿಯಲ್ಲಿ ಏರಿದರು, ಏರಿದ ಮೇಲೆ ಅವರು ಹೊತ್ತದ್ದೇನು ಎಂಬುದನ್ನು ನಾವು ಗಮನವಿಟ್ಟು ಓದತೊಡಗಿದೆವು. ನಮ್ಮ ನಾಡಿಗೆ ಹತ್ತಿರದವರಾದ ಮೂವರ ಬದುಕನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ನೇರವಲ್ಲದ ದಾರಿಗಳು

ಮೊದಲನೆಯವರು ಪ್ರೊಫೆಸರ್ ಸತೀಶ್ ಧವನ್. 1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಇವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನೂ ಪಡೆದರು. ನಮ್ಮ ಮನೆಗಳಲ್ಲಿ ಇಂತಹ ಹುಡುಗನಿದ್ದಿದ್ದರೆ "ಇವನಿಗೆ ಒಂದು ಗುರಿಯೇ ಇಲ್ಲ" ಎಂದು ಹೆತ್ತವರು ಕೊರಗುತ್ತಿದ್ದರೇನೋ! ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಮುಗಿಸಿದ ಧವನ್ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಶಬ್ದಕ್ಕಿಂತ ಹೆಚ್ಚಿನ ವೇಗದ ಗಾಳಿಯನ್ನು ಹಾಯಿಸಿ ಪರೀಕ್ಷಿಸುವ ಸುರಂಗವನ್ನು ಅಲ್ಲಿ ನಿರ್ಮಿಸಿದರು. 1960ರ ದಶಕದ ಆರಂಭದಲ್ಲಿ, ನಲವತ್ತು ದಾಟುತ್ತಲೇ, ಆ ಸಂಸ್ಥೆಯ ನಿರ್ದೇಶಕರಾದರು. ವಿಕ್ರಮ್ ಸಾರಾಭಾಯಿಯವರು 1971ರ ಡಿಸೆಂಬರ್‌ನಲ್ಲಿ ಹಠಾತ್ತನೆ ತೀರಿಕೊಂಡಾಗ ಇಸ್ರೋವನ್ನು ಮುನ್ನಡೆಸುವಂತೆ ಕರೆ ಬಂತು. ತಾವು ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಛೇರಿ ಬೆಂಗಳೂರಿನಲ್ಲೇ ಇರಬೇಕು ಎಂಬುದು ಅವರ ಷರತ್ತಾಗಿತ್ತು. ಬೆಂಗಳೂರು ಬಾಹ್ಯಾಕಾಶ ನಗರವಾದುದರ ಹಿಂದೆ ಪಾಠ ಹೇಳುವ ಕೆಲಸವನ್ನು ಬಿಡಲೊಪ್ಪದ ಅಧ್ಯಾಪಕರೊಬ್ಬರ ಹಟವೂ ಇದೆ.

ಎರಡನೆಯವರು ನಮ್ಮ ಉಡುಪಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದ ಇವರು ಓದಿದ್ದು ಇಂಜಿನಿಯರಿಂಗ್ ಅಲ್ಲ, ಭೌತಶಾಸ್ತ್ರ. ಸಾರಾಭಾಯಿಯವರ ಶಿಷ್ಯರಾಗಿ ಕಾಸ್ಮಿಕ್ ಕಿರಣಗಳನ್ನು ಅಧ್ಯಯನ ಮಾಡಿ, ಅಮೆರಿಕದಲ್ಲಿ ಸಂಶೋಧನೆ ನಡೆಸಿ, 1966ರಲ್ಲಿ ಸ್ವದೇಶಕ್ಕೆ ಮರಳಿದರು. 1972ರಲ್ಲಿ ಭಾರತದ ಪ್ರಥಮ ಉಪಗ್ರಹವನ್ನು ಕಟ್ಟುವ ಹೊಣೆ ಅವರ ಪಾಲಿಗೆ ಬಂತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಾಧಾರಣ ಶೆಡ್ಡುಗಳಲ್ಲಿ, ಅದುವರೆಗೆ ಉಪಗ್ರಹವನ್ನೇ ಕಾಣದ ತರುಣರನ್ನು ಕಟ್ಟಿಕೊಂಡು ಅವರು ಸುಮಾರು 360 ಕಿಲೋ ತೂಕದ ಆರ್ಯಭಟವನ್ನು ರೂಪಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು.

ಮೂರನೆಯವರು ಇ. ಶ್ರೀಧರನ್. ಇವರೂ 1932ರಲ್ಲಿ, ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಜನಿಸಿದವರು. ಸಿವಿಲ್ ಇಂಜಿನಿಯರಿಂಗ್ ಓದಿ, ಪಾಲಿಟೆಕ್ನಿಕ್ಕಿನಲ್ಲಿ ಕೆಲಕಾಲ ಪಾಠ ಹೇಳಿ, 1954ರಲ್ಲಿ ರೈಲ್ವೆಗೆ ಸೇರಿದರು. 1964ರ ಡಿಸೆಂಬರ್‌ನ ಚಂಡಮಾರುತಕ್ಕೆ ಪಾಂಬನ್ ಸೇತುವೆ ಕೊಚ್ಚಿಹೋದಾಗ ಅದನ್ನು 46 ದಿನಗಳಲ್ಲಿ ಮತ್ತೆ ಎತ್ತಿ ನಿಲ್ಲಿಸಿದಾಗ ಅವರಿಗೆ ಮೂವತ್ತೆರಡು ವರ್ಷ. ಆದರೆ ಜನ ಅವರ ಹೆಸರನ್ನು ಅರಿತದ್ದು ನಿವೃತ್ತಿಯ ಮೇಲೆ! ಮಂಗಳೂರಿನ ಮಗ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮದ ಹೊಣೆಯನ್ನು ಐವತ್ತೆಂಟರ ಶ್ರೀಧರನ್ ಅವರ ಹೆಗಲಿಗೇರಿಸಲಾಯಿತು. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಎರಡು ಕಿಲೋಮೀಟರ್‌ಗೂ ಮಿಕ್ಕಿದ ಸೇತುವೆಯನ್ನು ನಾವೆಲ್ಲ ರೈಲಿನ ಕಿಟಕಿಯಿಂದ ಕಂಡಿದ್ದೇವೆ. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯುವ ಹೊತ್ತಿಗೆ ಅವರು ದೆಹಲಿ ಮೆಟ್ರೋದ ಕೆಲಸದಲ್ಲಿ ತೊಡಗಿಯಾಗಿತ್ತು.

ಹೊತ್ತ ಭಾರ

ಸಾಹಿತ್ಯ ಓದಿದವರೊಬ್ಬರು, ಇಂಜಿನಿಯರ್ ಅಲ್ಲದವರೊಬ್ಬರು, ನಿವೃತ್ತಿಯ ನಂತರ ಬೆಳಕಿಗೆ ಬಂದವರೊಬ್ಬರು. ಈ ಮೂರು ದಾರಿಗಳು ಒಂದನ್ನೊಂದು ಹೋಲುವುದಿಲ್ಲ. ಆದರೆ ಒಂದು ಗುಣದಲ್ಲಿ ಮೂವರೂ ಒಂದೇ.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರ ಸೇರಿತು. ಯೋಜನೆಯ ನಿರ್ದೇಶಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಬಂದು ಸೋಲಿನ ಹೊಣೆಯನ್ನು ಹೊತ್ತವರು ಅಧ್ಯಕ್ಷ ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ತಾವು ಹಿಂದೆ ಸರಿದು, ಪತ್ರಕರ್ತರೊಡನೆ ಮಾತಾಡಲು ಕಲಾಂ ಅವರನ್ನು ಮುಂದೆ ಕಳುಹಿಸಿದರು. ಮುಂದೆ ರಾಷ್ಟ್ರಪತಿಯಾದ ಕಲಾಂ ಇದನ್ನು ಸಭೆಗಳಲ್ಲಿ ಮತ್ತೆ ಮತ್ತೆ ಸ್ಮರಿಸುತ್ತಿದ್ದರು.

ರಾವ್ ಅವರು 1984ರಿಂದ 1994ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಸೋತಿತು, 1988ರಲ್ಲಿ ಮತ್ತೊಮ್ಮೆ ಸೋತಿತು. 1992ರಲ್ಲಿ ಅದು ಗೆದ್ದರೂ, 1993ರ ಸೆಪ್ಟೆಂಬರ್‌ನಲ್ಲಿ ಪಿಎಸ್‌ಎಲ್‌ವಿಯ ಪ್ರಥಮ ಹಾರಾಟ ವಿಫಲವಾಯಿತು. ಇಂದು ದೇಶದ ನೆಚ್ಚಿನ ರಾಕೆಟ್ ಎನಿಸಿದ ಅದೇ ಪಿಎಸ್‌ಎಲ್‌ವಿ 1994ರ ಅಕ್ಟೋಬರ್‌ನಲ್ಲಿ ಯಶಸ್ವಿಯಾದಾಗ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರ ಉತ್ತರಾಧಿಕಾರಿ. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಶ್ರೀಧರನ್ ಅವರ ಕಥೆಯೂ ಅಂತಹುದೇ. 2009ರ ಜುಲೈ 12ರಂದು ದೆಹಲಿ ಮೆಟ್ರೋದ ನಿರ್ಮಾಣ ಹಂತದ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಎಪ್ಪತ್ತೇಳರ ಶ್ರೀಧರನ್ ಅದೇ ದಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಸಲ್ಲಿಸಿದರು. ಮುಖ್ಯಮಂತ್ರಿಗಳು ಅದನ್ನು ಒಪ್ಪಲಿಲ್ಲ. ಅವರು ಮರಳಿ ಕೆಲಸಕ್ಕೆ ನಿಂತರು.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ವಸ್ತುವನ್ನು ನಿರ್ಮಿಸುವ ಕೌಶಲವನ್ನೂ ಸರಿಯಾಗಿ ನಡೆದುಕೊಳ್ಳುವ ವಿವೇಕವನ್ನೂ ಬೇರೆ ಬೇರೆ ಗುಣಗಳೆಂದು ಎಣಿಸಿದ. ಬಡಗಿಯ ಕೌಶಲಕ್ಕೆ ಅವನು ಮಾಡಿದ ಮೇಜೇ ಸಾಕ್ಷಿ. ವಿವೇಕಿಯ ವಿವೇಕಕ್ಕೆ ಹಾಗೆ ಹೊರಗೆ ನಿಲ್ಲುವ ವಸ್ತುವಿಲ್ಲ, ಅವನ ನಡತೆಯೇ ಸಾಕ್ಷಿ. ಇಂಜಿನಿಯರನು ನಾಯಕನಾಗುವುದೆಂದರೆ ಮೊದಲನೆಯದರಿಂದ ಎರಡನೆಯದಕ್ಕೆ ದಾಟುವುದು. ಒಂದರಲ್ಲಿ ನಿಪುಣನಾದವನು ಇನ್ನೊಂದರಲ್ಲಿಯೂ ನಿಪುಣನಾಗಿಯೇ ಇರುತ್ತಾನೆಂಬ ನಿಯಮವಿಲ್ಲ. ಬಡ್ತಿಯ ಪತ್ರವು ಹುದ್ದೆಯನ್ನು ಕೊಡಬಲ್ಲುದು. ವಿವೇಕವನ್ನು ಅವನೇ ದಿನದಿನವೂ ಗಳಿಸಬೇಕು. ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಳ್ಲ 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಆ ಕಂಪೆನಿಯ ಮುಖ್ಯಸ್ಥರಾದದ್ದು 2014ರಲ್ಲಿ. ನಡುವಣ ಇಪ್ಪತ್ತೆರಡು ವರ್ಷಗಳನ್ನು ನಮ್ಮ ಹೆತ್ತವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಏರದೆಯೂ ದೊಡ್ಡವರಾದವರು

ಎಲ್ಲರೂ ದಾಟಲೇಬೇಕೆ? ಅಗತ್ಯವಿಲ್ಲ. ಆ್ಯಪಲ್ ಕಂಪ್ಯೂಟರನ್ನು ರೂಪಿಸಿದ ಸ್ಟೀವ್ ವೋಜ್ನಿಯಾಕ್ ಮೊದಲಿಗೆ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ನೌಕರಿಯನ್ನು ಬಿಡಲು ಒಪ್ಪಿರಲಿಲ್ಲ. ತನ್ನದೇ ಕಂಪೆನಿ ಎಂದರೆ ಜನರನ್ನು ನಡೆಸುವ ಕೆಲಸ ತಲೆಗೆ ಬೀಳುವುದೆಂಬ ಭಯ ಅವರಿಗೆ. ಇಂಜಿನಿಯರನಾಗಿಯೇ ಉಳಿಯಬಹುದೆಂದು ಸ್ನೇಹಿತನೊಬ್ಬ ಹೇಳಿದ ಮೇಲೆಯೇ ಅವರು ಮನಸ್ಸು ಮಾಡಿದರು. ಐಬಿಎಂ ಕಂಪೆನಿಯು 1960ರ ದಶಕದ ಆರಂಭದಲ್ಲಿಯೇ 'ಫೆಲೋ' ಎಂಬ ಗೌರವವನ್ನು ಏರ್ಪಡಿಸಿ, ತಾಂತ್ರಿಕ ಕೆಲಸದಲ್ಲಿಯೇ ಉಳಿಯಬಯಸುವ ಪ್ರತಿಭಾವಂತರಿಗೆ ಉನ್ನತ ಸ್ಥಾನ ಕಲ್ಪಿಸಿತು. ಆ ಬಳಿಕ ಅನೇಕ ಕಂಪೆನಿಗಳು ಎರಡು ಏಣಿಗಳನ್ನು ನಿಲ್ಲಿಸಿದವು: ಒಂದು ಜನರನ್ನು ನಡೆಸುವವರಿಗೆ, ಇನ್ನೊಂದು ಕೆಲಸದ ಆಳಕ್ಕೆ ಇಳಿಯುವವರಿಗೆ. ಇದು ನಮ್ಮ ದೇವಾಲಯದ ಅಂಗಳಕ್ಕೆ ಇನ್ನೂ ಪೂರ್ತಿಯಾಗಿ ತಲುಪಿಲ್ಲವೆಂದು ತೋರುತ್ತದೆ.

ಹಬ್ಬದ ಆ ಸಂಜೆ ನಮಗೆ ಇಷ್ಟೆಲ್ಲ ತಿಳಿದಿರಲಿಲ್ಲ. ಆದರೆ ಧವನ್ ಅವರ ಕಥೆ ನೆನಪಿತ್ತು, ಅದನ್ನು ಹೇಳಿದೆವು. "ಆ ಹುಡುಗಿಯ ಹೆಸರನ್ನು ಗ್ರಾಹಕರಿಗೆ ಹೇಳಿದೆಯಾ?" ಎಂದು ಕೇಳಿದೆವು. "ಇಲ್ಲ ಫಾದರ್, ಅವಳ ಹೆಸರು ಯಾಕೆ ಹೇಳಲಿ?" ಎಂದ. ಹಾಗಾದರೆ ನಾಯಕನು ಮಾಡಬೇಕಾದುದನ್ನು ಅವನು ಆಗಲೇ ಮಾಡಿಬಿಟ್ಟಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಮೇಲೆ ಕೇಳಿದೆವು: "ಈ ಭಾರವನ್ನು ದಿನವೂ ಹೊರಲು ನಿನಗೆ ಮನಸ್ಸಿದೆಯೇ? ಇಲ್ಲವಾದರೆ ಅದರಲ್ಲಿ ನಾಚಿಕೆಯೇನೂ ಇಲ್ಲ." ಅವನು ಬಹಳ ಹೊತ್ತು ಸುಮ್ಮನಿದ್ದ.

ಮರುವರ್ಷ ಅವನು ಕೇಳಿಕೊಂಡು ತಾಂತ್ರಿಕ ಕೆಲಸಕ್ಕೇ ಮರಳಿದ. ಈಗ ಹೊಸಬರು ಕಠಿಣ ಸಮಸ್ಯೆಗಳನ್ನು ಹಿಡಿದು ಅವನ ಮೇಜಿನ ಬಳಿಗೆ ಬರುತ್ತಾರಂತೆ. ಆ ಹುಡುಗಿಯೂ ಬರುತ್ತಾಳೆ. ಅವನ ತಂದೆ ಮಾತ್ರ ಈಗಲೂ ನಮ್ಮನ್ನು ಕಂಡಾಗ "ಮತ್ತೆ ಮ್ಯಾನೇಜರ್ ಆಗುವುದು ಯಾವಾಗ ಫಾದರ್?" ಎಂದು ಕೇಳುತ್ತಾರೆ.

ಪ್ರಿಯ ಹೆತ್ತವರೇ, ನಿಮ್ಮ ಮಗನೋ ಮಗಳೋ ಮುಂದಿನ ಬಾರಿ ರಜೆಗೆ ಬಂದಾಗ ಹುದ್ದೆಯನ್ನು ವಿಚಾರಿಸುವ ಮುನ್ನ ಒಂದು ಮಾತು ಕೇಳಿ: "ನಿನ್ನ ಕೈಕೆಳಗಿನವರು ತಪ್ಪಿದಾಗ ನೀನು ಎಲ್ಲಿ ನಿಲ್ಲುತ್ತೀ?" ಆ ಉತ್ತರದಲ್ಲಿ ನಿಮ್ಮ ಮಗುವಿನ ಏಳಿಗೆ ಎಷ್ಟೆಂಬುದು ತಿಳಿದುಬರುತ್ತದೆ.